‘ಟಕ್’ ಅಂದ ಮಾತ್ರಕ್ಕೆ ಸೆಲ್ಫ್ ಮೋಟಾರ್ ಬದಲಿಸಬೇಡಿ

ಕಾರಿನ ಕೀ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಎಂಜಿನ್ ಮಾತ್ರ ತಿರುಗುವುದಿಲ್ಲ. ಎಂಜಿನ್ನನ್ನು ಮೊದಲಿಗೆ ತಿರುಗಿಸಿ ಚಾಲೂ ಮಾಡುವುದು ಸೆಲ್ಫ್ ಮೋಟಾರ್. ಆಗ ಯಾರಾದರೂ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೈಗೆತ್ತಿಕೊಳ್ಳದೆ ‘ಸೆಲ್ಫ್ ಮೋಟಾರ್ ಹೋಗಿದೆ, ಹೊಸದು ಹಾಕಬೇಕು’ ಅಂದರೆ ದಯವಿಟ್ಟು ಒಪ್ಪಬೇಡಿ. ಇದನ್ನು ಬರೆಯಲು ಕಾರಣವಾದ ಕಾರಿನಲ್ಲಿ ಹಾಗೇ ಆಯಿತು. ಮೊದಲು ಬ್ಯಾಟರಿ ಬದಲಾಯಿತು, ಮತ್ತೆ ಟಕ್. ಆಮೇಲೆ ಸೆಲ್ಫ್ ಮೋಟಾರ್ ಬದಲಾಯಿತು, ಮತ್ತೂ ಟಕ್. ನಿಜವಾದ ದೋಷ ಇದ್ದದ್ದು ಎಂಜಿನ್‌ನಿಂದ ಕಾರಿನ ಲೋಹದ ಮೈಗೆ ಬರುವ ಅರ್ತಿಂಗ್ ಕೇಬಲ್‌ನಲ್ಲಿ, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿಯಲ್ಲಿ. ಹೊರಗಿನಿಂದ ಬೋಲ್ಟ್ ಬಿಗಿಯಾಗಿಯೇ ಕಾಣುತ್ತಿತ್ತು. ಬಿಚ್ಚಿದಾಗ ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೆಳಗೆ ಹಸಿರು ಪುಡಿ, ಒಳಗಿನ ತಾಮ್ರದ ಎಳೆಗಳಲ್ಲಿ ಬಹುಪಾಲು ಕಪ್ಪಾಗಿ ತುಂಡಾಗಿದ್ದವು. ಕಳಚಿಟ್ಟಿದ್ದ ಹಳೇ ಮೋಟಾರಿಗೆ ನೇರವಾಗಿ ಬ್ಯಾಟರಿ ಕೊಟ್ಟು ನೋಡಿದರೆ ಚೆನ್ನಾಗಿಯೇ ತಿರುಗಿತು. ಎರಡು ಒಳ್ಳೆಯ ಬಿಡಿಭಾಗಗಳಿಗೆ ಕೊಟ್ಟ ಹಣ ನೀರುಪಾಲು.

ಎಲ್ಲಕ್ಕಿಂತ ಮೊದಲು ಸದ್ದನ್ನು ಗಮನವಿಟ್ಟು ಕೇಳಿ. ‘ಟಕಟಕಟಕ’ ಅಂತ ಒಂದೇ ಸಮ ಬಡಿದುಕೊಂಡರೆ ಹೆಚ್ಚಾಗಿ ಬ್ಯಾಟರಿ ಡೌನ್ ಆಗಿರುತ್ತದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿರುತ್ತದೆ. ಸೊಲೆನಾಯ್ಡ್ (ಮೋಟಾರಿಗೆ ಭಾರೀ ಕರೆಂಟ್ ಬಿಡುವ ಕಾಂತೀಯ ಸ್ವಿಚ್) ಎಳೆದುಕೊಂಡ ತಕ್ಷಣ ಮೋಟಾರ್ ಭಾರೀ ಕರೆಂಟ್ ಕೇಳುತ್ತದೆ, ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಕೈಬಿಡುತ್ತದೆ, ವೋಲ್ಟೇಜ್ ಏರಿದಾಗ ಮತ್ತೆ ಎಳೆಯುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ಸೊಲೆನಾಯ್ಡ್ ಒಳಗಿನ ಕಾಂಟ್ಯಾಕ್ಟ್ ಸವೆದಿರಬಹುದು, ಮೋಟಾರಿನ ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದು ಮುಗಿದಿರಬಹುದು, ಕೇಬಲ್ ಕೆಟ್ಟಿರಬಹುದು, ಎಂಜಿನ್ನೇ ಜಾಮ್ ಆಗಿರಬಹುದು. ಸದ್ದು ಡ್ಯಾಶ್‌ಬೋರ್ಡ್ ಅಥವಾ ಫ್ಯೂಸ್ ಬಾಕ್ಸ್ ಕಡೆಯಿಂದ ಸಣ್ಣಗೆ ಬಂದರೆ ಅದು ಬರೀ ರಿಲೇ, ಅಂದರೆ ಸೊಲೆನಾಯ್ಡ್‌ಗೆ ಕರೆಂಟ್ ಕೊಡುವ ಸಣ್ಣ ಸ್ವಿಚ್. ಆಗ ಸೊಲೆನಾಯ್ಡ್‌ಗೆ ಕರೆಂಟ್ ತಲುಪುತ್ತಿದೆಯೇ ಅಂತ ನೋಡಬೇಕು.

ಇನ್ನು ಮೀಟರ್. ಹೆಡ್‌ಲೈಟ್ ಎರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ, 11.8ಕ್ಕೆ ಇಳಿದಿದ್ದರೆ ಖಾಲಿ. ಆದರೆ 12.6 ತೋರಿಸಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಮೀಟರ್ ನೋಡಿ. ಆಗ 9.6ಕ್ಕಿಂತ ಕೆಳಗೆ ಬಿದ್ದರೆ, ಪೂರ್ತಿ ಚಾರ್ಜ್ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಬಿದ್ದರೆ ಬ್ಯಾಟರಿಯನ್ನು ಲೋಡ್ ಟೆಸ್ಟ್‌ಗೆ (ಭಾರೀ ಕರೆಂಟ್ ಎಳೆದು ನೋಡುವ ಪರೀಕ್ಷೆಗೆ) ಕೊಡಿ.

ಕೀ ತಿರುಗಿಸಿದಾಗಲೂ ಬ್ಯಾಟರಿ 12ರ ಮೇಲೇ ನಿಂತು, ಎಂಜಿನ್ ಅಲುಗದಿದ್ದರೆ? ಬ್ಯಾಟರಿಯಿಂದ ಮೋಟಾರಿಗೆ ಬೇಕಾದಷ್ಟು ಕರೆಂಟ್ ಹೋಗುತ್ತಿಲ್ಲ ಎಂದಾಯಿತು. ಹೆಚ್ಚಿನವರು ಎಡವುವುದು ಇಲ್ಲೇ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ (ಕ್ಲಾಂಪಿಗಲ್ಲ, ನಡುವಿನ ಸೀಸದ ಗೂಟಕ್ಕೇ) ಒತ್ತಿ, ಇನ್ನೊಂದನ್ನು ಸೆಲ್ಫ್ ಮೋಟಾರಿನ ಬರಿ ಲೋಹದ ಮೈಗೆ ಮುಟ್ಟಿಸಿ, ಕೀ ತಿರುಗಿಸಿ. 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತಿಂಗ್ ದಾರಿಯಲ್ಲಿ ದೋಷವಿದೆ. ಮೇಲೆ ಹೇಳಿದ ಕಾರಿನಲ್ಲಿ ಇಲ್ಲಿ 8 ವೋಲ್ಟ್ ಬಂತು, ಅಂದರೆ ಮೋಟಾರಿಗೆ ಉಳಿದದ್ದು ಸುಮಾರು 4. ಹಾಗೆಯೇ ಪಾಸಿಟಿವ್ ಪೋಸ್ಟಿನಿಂದ ಮೋಟಾರಿನ ದಪ್ಪ ಕೇಬಲ್ ಕೂರುವ ಬೋಲ್ಟಿಗೆ ಅಳೆಯಿರಿ, ಅಲ್ಲಿ 0.5 ದಾಟಬಾರದು. ಎರಡೂ ಕಡೆ ಸರಿಯಿದ್ದು, ಬ್ಯಾಟರಿಯೂ ಸರಿಯಿದ್ದು, ಸೊಲೆನಾಯ್ಡ್‌ನ ಸಣ್ಣ ವೈರಿಗೂ ಕರೆಂಟ್ ಬರುತ್ತಿದ್ದು, ಎಂಜಿನ್ ಕೈಯಿಂದ ತಿರುಗುತ್ತಿದ್ದರೆ ಮಾತ್ರ ಮೋಟಾರ್ ಕಳಚಿ.

ಕೇಬಲನ್ನು ಮಲ್ಟಿಮೀಟರಿನ ಬೀಪ್‌ನಲ್ಲಿ ಪರೀಕ್ಷಿಸಿ ‘ಸರಿಯಿದೆ’ ಅನ್ನುವವರನ್ನು ನಂಬಬೇಡಿ. ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಸೆಲ್ಫ್ ಮೋಟಾರಿಗೆ ಬೇಕಾಗುವುದು 100ರಿಂದ 200 ಆಂಪಿಯರ್. 150 ಆಂಪಿಯರ್ ಹರಿಯುವಲ್ಲಿ ಬರೀ 0.02 ಓಮ್ ಅಡ್ಡ ಬಂದರೂ 3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅರ್ತಿಂಗ್ ಕೆಟ್ಟಾಗ ಆ ಕರೆಂಟ್ ಗೇರ್ ಕೇಬಲ್, ಕ್ಲಚ್ ಕೇಬಲ್‌ಗಳ ಮೂಲಕ ದಾರಿ ಹುಡುಕಿಕೊಂಡು ಅವನ್ನು ಸುಡುವುದೂ ಉಂಟು. ಕೀ ತಿರುಗಿಸಿದ ಮೇಲೆ ಅವು ಬಿಸಿಯಾಗಿದ್ದರೆ ಬೇರೆ ಸಾಕ್ಷಿ ಬೇಡ.

ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿಗೆ ಅಡುಗೆ ಸೋಡಾ ಕಲಸಿದ ನೀರು ಸಾಕು. ಒಣಗಿದ ಮೇಲೆ ಗೂಟವನ್ನೂ ಕ್ಲಾಂಪಿನ ಒಳಮೈಯನ್ನೂ ಹೊಳೆಯುವಂತೆ ಉಜ್ಜಿ.

ಸ್ಕ್ರೂಡ್ರೈವರ್‌ನಿಂದ ಸೊಲೆನಾಯ್ಡ್ ಶಾರ್ಟ್ ಮಾಡುವ ‘ಉಪಾಯ’ಕ್ಕೆ ಯಾರನ್ನೂ ಬಿಡಬೇಡಿ. ಗೇರ್‌ನಲ್ಲಿದ್ದ ಕಾರು ಹಾರಿ ಮುಂದೆ ನಿಂತವರ ಮೇಲೇ ಹೋಗುತ್ತದೆ. ಜಂಪ್ ಕೇಬಲ್ ಹಾಕುವಾಗ ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಡೌನ್ ಆದ ಬ್ಯಾಟರಿಗೆ ಹಚ್ಚದೆ, ಅದರಿಂದ ದೂರದಲ್ಲಿ ಎಂಜಿನ್ನಿನ ಬರಿ ಲೋಹಕ್ಕೆ ಹಚ್ಚಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕಿಡಿ ತಗುಲಿದರೆ ಸಿಡಿಯುತ್ತದೆ. ಪಾಸಿಟಿವ್ ನೆಗೆಟಿವ್ ಅದಲುಬದಲಾದರೆ ಮೇನ್ ಫ್ಯೂಸ್, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಡಯೋಡ್ ಎರಡೂ ಹೋಗಬಹುದು.

ಕಾರು ನಿಂತ ನೀರಿನಲ್ಲಿ ಹಾದುಬಂದ ಮೇಲೆ ಈ ಒಂಟಿ ‘ಟಕ್’ ಕೇಳಿಸಿದರೆ ಮೇಲಿನ ಯಾವ ಪರೀಕ್ಷೆಯೂ ಬೇಡ, ಕೀ ಮತ್ತೆ ಮುಟ್ಟಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿಸಿ, ನೀರು ಹೊರಗೆ ಹಾಕಿಸಿದ ಮೇಲೆಯೇ ಎಂಜಿನ್ ತಿರುಗಿಸಬೇಕು.