ಬೊಮ್ಮಸಂದ್ರದ ಅಕ್ಕನ ಖಾನಾವಳಿ: ರೊಟ್ಟಿಗೆ ಪೂರ್ತಿ ಅಂಕ

ಬೆಂಗಳೂರಿನ ಬೊಮ್ಮಸಂದ್ರ ಮೆಟ್ರೋ ಇಳಿದು ಕೈಗಾರಿಕಾ ಪ್ರದೇಶದ ಕಡೆ ಸ್ವಲ್ಪ ನಡೆದರೆ ಶೀಟ್ ಮನೆಗಳ ಓಣಿಯಲ್ಲಿ ಈ ಖಾನಾವಳಿ ಸಿಗುತ್ತದೆ. ಬೋರ್ಡಿನಲ್ಲಿ ‘ಜೋಳದ ರೊಟ್ಟಿ ಊಟ’ ಅಂತಷ್ಟೇ ಇದೆ. ನಾವೆಲ್ಲ ಅಕ್ಕನ ಖಾನಾವಳಿ ಅನ್ನುತ್ತೇವೆ.

ಊಟ 100 ರೂಪಾಯಿ. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಆಮೇಲೆ ಅನ್ನ ಸಾರು. ಅಕ್ಕ ರೊಟ್ಟಿಯನ್ನು ಕೈಯಲ್ಲೇ ಬಡಿಯುತ್ತಾರೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಉಬ್ಬಿದ ಕೂಡಲೇ ತಟ್ಟೆಗೆ. ಆರಿದ ಮೇಲೂ ಮೆತ್ತಗೇ ಇರುತ್ತದೆ. ವಿಜಯಪುರದ ಬಿಳಿ ಜೋಳ ರಾತ್ರಿ ಬಸ್ಸಿಗೆ ಬರುತ್ತದೆ, ಬೇಕಾದಷ್ಟೇ ಆಗಾಗ ಬೀಸಿಸುತ್ತಾರೆ. ಹಳೇ ಹಿಟ್ಟಿಗೆ ಜಿಗಿ ಇರೋದಿಲ್ಲ, ಅಲ್ವಾ? “ಇನ್ನೊಂದ್ ಹಾಕ್ಲೇನ್ ತಮ್ಮಾ?” ಅಂದರೆ ಬೇಡ ಅನ್ನೋಕೆ ಆಗಲ್ಲ.

ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಮಳೆ ನಂಬಿದ ಹೊಲ, ಅದೂ ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು. ಇಲ್ಲಿ ಉಣ್ಣುವ ಯಾದಗಿರಿ, ರಾಯಚೂರಿನ ಹುಡುಗರ ಕಥೆಯೂ ಹೆಚ್ಚುಕಡಿಮೆ ಇದೇ. ಬೆಂಗಳೂರು 2001ರಲ್ಲಿ 57 ಲಕ್ಷ ಇದ್ದದ್ದು 2011ಕ್ಕೆ 85 ಲಕ್ಷ ಆಯಿತು ಅಂತ ಜನಗಣತಿ ಹೇಳುತ್ತದೆ. ಈ ಬೆಳವಣಿಗೆಗೆ ಎಲ್ಲರೂ ಐಟಿ ಕಂಪನಿಗಳ ಹೆಸರೇ ಹೇಳುತ್ತಾರೆ. ಬೊಮ್ಮಸಂದ್ರವನ್ನು ಊರು ಮಾಡಿದ್ದು ಮೂರು ಶಿಫ್ಟಿನ ಕಾರ್ಖಾನೆಗಳು. ಜಮೀನು ಕಾರ್ಖಾನೆಗಳಿಗೆ ಹೋದ ಮೇಲೆ ಇಲ್ಲಿನ ರೈತರು ಉಳಿದ ಜಾಗದಲ್ಲಿ ಸಾಲು ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಅದರಲ್ಲಿ ನಾವು ಬಂದು ಸೇರಿದೆವು. ನಮ್ಮ ಹಸಿವಿಗೆ ಅಕ್ಕ ಬಂದರು. ರಾತ್ರಿ ಹತ್ತಕ್ಕೆ ಶಿಫ್ಟ್ ಬಿಟ್ಟವರಿಗೂ ಇಲ್ಲಿ ಊಟ ಉಂಟು. ಒಡಿಶಾ ಹುಡುಗರಿಗೆ ಕೇಳದೆಯೇ ರೊಟ್ಟಿ ಬಿಟ್ಟು ಅನ್ನ ಜಾಸ್ತಿ ಬೀಳುತ್ತದೆ.

ಗಡಿಯಾಚೆಯ ಹೊಸೂರು ಬೆಳೆದದ್ದೂ ಹೀಗೇ. ತಮಿಳುನಾಡು ಸರ್ಕಾರ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಮಾಡಿತು, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು, 2019ರಲ್ಲಿ ಅದು ಮಹಾನಗರ ಪಾಲಿಕೆಯೇ ಆಯಿತು. ಈಗ ನಡುವಿನ ಅತ್ತಿಬೆಲೆಯೂ ತುಂಬುತ್ತಿದೆ.

ಕೊರತೆ ಎರಡು. ಮಜ್ಜಿಗೆ ತೀರಾ ನೀರು. ಇನ್ನೊಂದು ದೊಡ್ಡದು: ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಪಾರ್ಸೆಲ್ ಮಾತ್ರ ಒಯ್ಯುತ್ತಾರೆ. ಒಳಗೆ ಇರೋದು ನಾಲ್ಕೇ ಮೇಜು, ಎಲ್ಲದರಲ್ಲೂ ಗಂಡಸರು. ಆ ಹೆಣ್ಣುಮಕ್ಕಳೂ ನಮ್ಮಷ್ಟೇ ದುಡಿದು ಬಂದವರು, ಬಿಸಿ ರೊಟ್ಟಿ ಕೂತು ತಿನ್ನೋ ಹಾಗಿರಬೇಕು. ಒಂದು ಮೇಜು ಅವರಿಗೇ ಬಿಡಿ ಅಂತ ಅಕ್ಕನಿಗೆ ಹೇಳಿದ್ದೇನೆ. ಪಕ್ಕದ ರೂಮು ಸಿಕ್ಕರೆ ಮಾಡ್ತೀನಿ ಅಂದಿದ್ದಾರೆ. ಆದರೆ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಇಲ್ಲಿಗೆ ಮೆಟ್ರೋ ಬಂದ ಮೇಲೆ ನಮ್ಮ ಓಣಿಯ ಬಾಡಿಗೆ ಏರಿದೆ. ಊಟ 80ರಿಂದ 100 ಆಗಿದ್ದೂ ಅದಕ್ಕೇ. ಈ ಊಟಕ್ಕೆ ಅದು ಜಾಸ್ತಿ ಅಂತ ನನಗೆ ಅನ್ನಿಸಿಲ್ಲ.

ಭಾನುವಾರ ಮಧ್ಯಾಹ್ನ ಒಂದರೊಳಗೆ ಹೋಗಿ, ತಡವಾದರೆ ಪುಂಡಿ ಪಲ್ಯ ಮುಗಿದಿರುತ್ತದೆ. ಅಮಾವಾಸ್ಯೆಗೆ ಹೋಳಿಗೆ ಇರುತ್ತದೆ, ಹಿಂದಿನ ದಿನವೇ ಹೇಳಿಡಿ.