ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ ಎಕ್ಸ್250: ಕಲಬುರಗಿ ಬಿಸಿಲಿಗೆ ತಾಳುತ್ತಾ?

ಕೊಳ್ಳುವ ಮುನ್ನ ಪರದೆ ನೋಡಿ. 1366×768ರ ಟಿಎನ್ ಎಂಬ ಅಗ್ಗದ ಬಗೆಯ ಪ್ಯಾನೆಲ್ ಆದರೆ ಬೇಡ, ಓರೆಯಿಂದ ಬಣ್ಣವೇ ಕೆಡುತ್ತದೆ. 1920×1080ರ ಐಪಿಎಸ್ (ಓರೆಯಿಂದಲೂ ಬಣ್ಣ ಕೆಡದ ಪ್ಯಾನೆಲ್) ಸಿಕ್ಕರೆ ಮಾತ್ರ ಚೌಕಾಸಿಗಿಳಿಯಿರಿ. ಇದರ ನಿಜವಾದ ಗಮ್ಮತ್ತು ಎರಡು ಬ್ಯಾಟರಿ: ಒಳಗಿನದು ನಡೆಸುತ್ತಿರುವಾಗಲೇ ಹಿಂದಿನದನ್ನು ಬದಲಿಸಬಹುದು, ಕರೆಂಟು ಹೋದ ಮಧ್ಯಾಹ್ನಕ್ಕೆ ಇದಕ್ಕಿಂತ ಇನ್ನೇನು ಬೇಕು?

ಮೇ ತಿಂಗಳ ಸೆಕೆಗೆ ಫ್ಯಾನ್ ಬೊಬ್ಬೆ ಹೊಡೆದು ಮಷಿನ್ ನಿಧಾನವಾದರೆ, ಒಳಗೆ ಧೂಳು ತುಂಬಿದೆ, ಚಿಪ್‌ನ ಬಿಸಿ ದಾಟಿಸುವ ಲೇಪ, ಅಂದರೆ ಥರ್ಮಲ್ ಪೇಸ್ಟ್, ಒಣಗಿದೆ ಅಂತಲೇ ಲೆಕ್ಕ. ಧೂಳು ತೆಗೆದು ಪೇಸ್ಟ್ ಬದಲಿಸಲು ಬಿಚ್ಚುವ ಮುಂಚೆ ಬಯಾಸ್‌ನಲ್ಲಿ (ಮಷಿನ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಒಳಬ್ಯಾಟರಿ ನಿಷ್ಕ್ರಿಯ ಮಾಡಿ, ಹಿಂದಿನದನ್ನು ತೆಗೆಯಿರಿ. ತಳದ ಸ್ಕ್ರೂಗಳು ಕಳಚಿ ಬರುವುದಿಲ್ಲ, ಸಡಿಲಿಸಿದರೆ ಸಾಕು. ರ್‍ಯಾಮ್‌ಗೆ ಒಂದೇ ಸ್ಲಾಟ್. ಹೆಚ್ಚಿಸುವುದಾದರೆ ಡಿಡಿಆರ್3ಎಲ್ ಬಗೆಯದನ್ನೇ ಕೇಳಿ ತನ್ನಿ.

ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲವಿಲ್ಲ, 10ರದ್ದು ಅಕ್ಟೋಬರ್ 2025ಕ್ಕೆ ಮುಗಿಯಿತು. ಲಿನಕ್ಸ್ ಹಾಕಿ.