ಮೇಕಿಂಗ್ ವಿಡಿಯೊಗೆ ಡಿಜೆಐ ಮೈಕ್ 2: ಮಲ್ಪೆಯ ಗಾಳಿಗೆ ಸಾಕಾ?

ಮೇಕಿಂಗ್ ವಿಡಿಯೊದ ಜೀವ ಇರುವುದು ಟೇಕ್‌ಗೆ ಮೊದಲು ನಿರ್ದೇಶಕರು ನಟರ ಹತ್ತಿರ ಹೋಗಿ ಮೆಲ್ಲಗೆ ಹೇಳುವ ಮಾತಿನಲ್ಲಿ. ಮಲ್ಪೆ, ಪಣಂಬೂರಿನ ಕಡಲತೀರದಲ್ಲಿ ಕ್ಯಾಮೆರಾದ ಮೇಲಿನ ಮೈಕಿಗೆ ಸಿಗುವುದು ಅಲೆ, ಗಾಳಿ, ಜನರೇಟರ್ ಅಷ್ಟೇ. ಅಂಗಿಗೆ ಸಿಕ್ಕಿಸುವ ಪುಟ್ಟ ಟ್ರಾನ್ಸ್‌ಮಿಟರ್, ಕ್ಯಾಮೆರಾಕ್ಕೆ ಕೇಬಲಿನಲ್ಲಿ ಜೋಡಿಸುವ ರಿಸೀವರ್ ಇರುವ ವೈರ್‌ಲೆಸ್ ಮೈಕ್ ಡಿಜೆಐ ಮೈಕ್ 2 ಈ ಕೊರತೆ ತುಂಬುತ್ತದೆ. ಆದರೆ ಅದರ ವೈರ್‌ಲೆಸ್ಸನ್ನೇ ನಂಬಿ ಕೂತರೆ ಕೆಟ್ಟಿರಿ.

ಕಂಪನಿ ಹೇಳುವ 250 ಮೀಟರ್ ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಇದು ಮೊಬೈಲಿನ ವೈಫೈ, ಬ್ಲೂಟೂತ್ ಕೂಡ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೊ ತರಂಗದ್ದು, ಮನುಷ್ಯನ ಮೈ ಆ ತರಂಗವನ್ನು ಹೀರುತ್ತದೆ. ನಿರ್ದೇಶಕರು ಬೆನ್ನು ತಿರುಗಿಸಿ ನಿಂತು, ಸುತ್ತ ನೂರು ಮೊಬೈಲ್ ಇದ್ದರೆ ಮಾತು ತುಂಡಾಗಬಹುದು. ನಂಬಬೇಕಾದದ್ದು ಟ್ರಾನ್ಸ್‌ಮಿಟರಿನೊಳಗಿನ 8 ಜಿಬಿ ಮೆಮೊರಿಯನ್ನು: 24 ಬಿಟ್‌ನಲ್ಲಿ 14 ಗಂಟೆ ಹಿಡಿಯುತ್ತದೆ. ಮೆನುವಿನಲ್ಲಿ 32 ಬಿಟ್ ಫ್ಲೋಟ್ ಆನ್ ಮಾಡಿದರೆ ಅವಧಿ ಕಮ್ಮಿ, ಆದರೆ ಪಿಸುಮಾತು, ಕೂಗು ಎರಡನ್ನೂ ಎಡಿಟಿಂಗ್‌ನಲ್ಲಿ ಹದಕ್ಕೆ ತರಬಹುದು. ಈ ಲಾಭ ಒಳಗಿನ ಫೈಲಿಗೆ ಮಾತ್ರ. ಕೇಬಲಿನಲ್ಲಿ ಕ್ಯಾಮೆರಾಕ್ಕೆ ಹೋದ ಧ್ವನಿ ಒಡೆದರೆ ಒಡೆದದ್ದೇ. ಯಕ್ಷಗಾನದ ದೃಶ್ಯದಲ್ಲಿ ಚೆಂಡೆಗೆ ತೀರಾ ಅಂಟಿ ನಿಂತರೆ ಮೈಕಿನ ಪೊರೆಯೇ ಸೋಲುತ್ತದೆ, ಅದಕ್ಕೆ ಫ್ಲೋಟೂ ಮದ್ದಲ್ಲ. ದೂರ ನಿಲ್ಲಿ.

ಒಳಗಿನ ಫೈಲನ್ನು ಚಿತ್ರಕ್ಕೆ ಹೊಂದಿಸಲು ಪ್ರತಿ ಸೀನಿನ ಶುರುವಿಗೆ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆಯಿರಿ. ಕ್ಯಾಮೆರಾದ ಗಡಿಯಾರ ಬೇರೆ, ಮೈಕಿನದು ಬೇರೆ. ಬೆಳಗಿನ ಒಂದೇ ಚಪ್ಪಾಳೆ ನೆಚ್ಚಿಕೊಂಡರೆ ಹೊತ್ತು ಹೋದಂತೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

ಬ್ಯಾಟರಿ 6 ಗಂಟೆ, ಚಾರ್ಜಿಂಗ್ ಕೇಸ್ ಸೇರಿ 18. ಮಧ್ಯಾಹ್ನದ ಊಟಕ್ಕೆ ಬಿಟ್ಟಾಗ ಕೇಸಿಗೆ ಹಾಕದಿದ್ದರೆ ಮುಸ್ಸಂಜೆಯ ಶಾಟಿಗೆ ಮೈಕ್ ಮಲಗಿರುತ್ತದೆ. ತೂಕ 28 ಗ್ರಾಂ; ತೆಳು ಅಂಗಿಯ ಕಾಲರ್ ಜೋತುಬೀಳುತ್ತದೆ. 3.5 ಎಂಎಂ ಸಾಕೆಟ್ ಇದೆ, ಕಾಲರ್ ಮೈಕ್ ಸಿಕ್ಕಿಸಿ ಟ್ರಾನ್ಸ್‌ಮಿಟರನ್ನು ಸೊಂಟಕ್ಕೆ ಹಾಕಿ. ಗಾಳಿ ತಡೆಯಲು ಮೈಕಿಗೆ ಹಾಕುವ ತುಪ್ಪಳದ ಟೊಪ್ಪಿ ಬಿಟ್ಟು ಕಡಲಿಗೆ ಇಳಿಯಲೇ ಬೇಡಿ. ನಾಯ್ಸ್ ಕ್ಯಾನ್ಸಲಿಂಗ್ ಬೇಡ. ಅಲೆಯ ಜೊತೆ ಮಾತಿನ ಅಂಚನ್ನೂ ತಿನ್ನುತ್ತದೆ.

ಮಳೆ ತಡೆಯುವ ವಸ್ತು ಅಲ್ಲ ಇದು. ಉಪ್ಪುಗಾಳಿ, ಸೆಕೆಯ ಬೆವರು ಚಾರ್ಜಿಂಗ್ ಪಿನ್ನಿಗೆ ಆಗಿಬರುವುದಿಲ್ಲ. ದಿನಾ ಒಣಬಟ್ಟೆಯಲ್ಲಿ ಒರೆಸಿ, ಬ್ಯಾಗಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಚಿತ್ರೀಕರಣದ ಹೊತ್ತಿಗೇ ನಟರ ಮಾತು ರೆಕಾರ್ಡ್ ಮಾಡುವ ಸಿಂಕ್ ಸೌಂಡ್ ಸೆಟ್ಟಾದರೆ ಸೌಂಡ್ ರೆಕಾರ್ಡಿಸ್ಟ್ ಅವರನ್ನು ಮೊದಲೇ ಕೇಳಿ. ಅವರ ಮೈಕಿನ ಪಕ್ಕ ನಿಮ್ಮದನ್ನು ತುರುಕಿದರೆ ಬೈಗುಳ ಖಾತ್ರಿ. ನಿರ್ದೇಶಕರು ಕ್ಯಾರವಾನ್ ಹತ್ತುವಾಗ ನೆನಪಿಸಿ ಆಫ್ ಮಾಡಿಸಿ. ಇಲ್ಲದಿದ್ದರೆ ಸಂಬಳದ ಜಗಳ, ಸಾಲದ ಫೋನು ಎಲ್ಲ 32 ಬಿಟ್‌ನಲ್ಲಿ ಸ್ವಚ್ಛವಾಗಿ ಬಿದ್ದಿರುತ್ತದೆ.